ಬೆಳ್ಳಪ್ಪ ಅನ್ನ ಬಿಟ್ಟದ್ದು

ಗಣಪತಿ ಹಬ್ಬ ಕಳೆದ ನಾಲ್ಕನೆಯ ದಿನ, ತೀರ್ಥಹಳ್ಳಿಯಿಂದ ಹೊಸನಗರದ ಮೇಲೆ ಸಾಗರಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ಕಂಡಕ್ಟರ್ ಬೆಳ್ಳಪ್ಪ ಎರಡು ಸೀಟುಗಳ ನಡುವೆ ಸಿಕ್ಕಿಹಾಕಿಕೊಂಡ. ಮುಂದಕ್ಕೂ ಹೋಗಲಾರ, ಹಿಂದಕ್ಕೂ ಬರಲಾರ. ಕಿವಿಯ ಮೇಲೆ ಪೆನ್ಸಿಲು, ಕೈಯಲ್ಲಿ ಟಿಕೆಟ್ ಪುಸ್ತಕ, ಹೊಟ್ಟೆಯ ಬಲಪಾಲು ಮಾತ್ರ ಮೂರನೆಯ ಸಾಲಿನಲ್ಲಿ ಕೂತಿದ್ದ ಅಜ್ಜಿಯೊಬ್ಬರ ಮಡಿಲಲ್ಲಿದ್ದ ಬಾಳೆಹಣ್ಣಿನ ಚಿಪ್ಪಿನ ಮೇಲೆ. ಆ ಅಜ್ಜಿ ಬೇರೆ ಯಾರೂ ಅಲ್ಲ, ಬಸ್ಸಿನ ಸಾಹುಕಾರ ಮಂಜುನಾಥಪ್ಪನವರ ಸ್ವಂತ ತಾಯಿ ತುಂಗಮ್ಮ.

"ಬಾಳೆಹಣ್ಣು ಹೋದ್ರೆ ಹೋಗ್ಲಿ, ನೀ ಮೊದ್ಲು ಉಸಿರಾಡೋ ಮಾರಾಯ" ಎಂದು ತುಂಗಮ್ಮ ಕೂಗಿದರು. ಡ್ರೈವರು ಬಸ್ಸು ನಿಲ್ಲಿಸಿದ. ಇಬ್ಬರು ಮುಂದಿನಿಂದ ಎಳೆದರು, ಇಬ್ಬರು ಹಿಂದಿನಿಂದ ದೂಡಿದರು. ಬೆಳ್ಳಪ್ಪ ಈಚೆ ಬರುವಷ್ಟರಲ್ಲಿ ಅಂಗಿಯ ಎರಡು ಗುಂಡಿ ಸೀಟಿನಡಿಗೆ ಹೋಗಿದ್ದವು, ಬಾಳೆಹಣ್ಣು ಪಂಚಾಮೃತಕ್ಕೆ ತಯಾರಾಗಿತ್ತು. ನಾನು ಹಿಂದಿನ ಸೀಟಿನಲ್ಲಿದ್ದೆ. ನಾನು ಹೆಬ್ಬೈಲಿನ ಅಂಚೆ ಮಾಸ್ತರ, ಬೆಳ್ಳಪ್ಪನೂ ಹೆಬ್ಬೈಲಿನವನೇ. ಊರಿನ ಮರ್ಯಾದೆ ಉಳಿಸಲೆಂದು ನಾನು ನಗದೆ ಕೂತಿದ್ದೆ. ಬಹಳ ಕಷ್ಟವಾಯಿತು.

ತಪ್ಪು ಪೂರ್ತಿ ಬೆಳ್ಳಪ್ಪನದೂ ಅಲ್ಲ. ಹಳೆಯ ಬಸ್ಸಿನಲ್ಲಿ ಉದ್ದನೆಯ ಬೆಂಚುಗಳಿದ್ದವು, ನಡುವೆ ಒಂದು ಕರುವನ್ನು ಓಡಾಡಲು ಬಿಡಬಹುದಿತ್ತು. ಆ ವರ್ಷ, ಅಂದರೆ ಅರವತ್ತಾರರಲ್ಲಿ, ಸಾಹುಕಾರರು ಹೊಸ ಬಾಡಿ ಕಟ್ಟಿಸಿದರು. ಈ ಕಡೆ ಮೂರು ಜನ, ಆ ಕಡೆ ಎರಡು ಜನ, ನಡುವೆ ಕಂಡಕ್ಟರಿಗೆಂದು ಬಿಟ್ಟ ದಾರಿ ಒಂದು ಮೊಳಕ್ಕೂ ಕಡಿಮೆ. ಆ ಬಾಡಿ ಕಟ್ಟಿದವರು ಬೆಳ್ಳಪ್ಪನನ್ನು ನೋಡಿರಲಿಲ್ಲ.

ಅವತ್ತು ಸಂಜೆ ಸಾಹುಕಾರರು ಬೆಳ್ಳಪ್ಪನನ್ನು ಶೆಡ್ಡಿನ ಹಿಂದಕ್ಕೆ ಕರೆದರು.

"ನೋಡು ಬೆಳ್ಳಪ್ಪ, ಬಸ್ಸನ್ನ ಅಗಲ ಮಾಡ್ಸಿದ್ರೆ ರಸ್ತೆ ಸಾಲಲ್ಲ. ನೀನೇ ಸ್ವಲ್ಪ ಕಮ್ಮಿ ಆಗು. ದೀಪಾವಳಿ ತನಕ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಬ್ಯಾಗು ಇಟ್ಟು ಬುಕಿಂಗ್ ಆಫೀಸ್ನಾಗೆ ಕೂತ್ಕ. ಸಂಬಳ ಅಷ್ಟೇ ಕೊಡ್ತೀನಿ."

ಸಂಬಳದ ಮಾತು ಬೆಳ್ಳಪ್ಪನ ಕಿವಿಗೆ ಬೀಳಲೇ ಇಲ್ಲ. ಹದಿನೆಂಟು ವರ್ಷ ಬಸ್ಸಿನ ಬಾಗಿಲಲ್ಲಿ ನಿಂತವನು ಅವನು. ಯಾವ ತಿರುವಿನಲ್ಲಿ ಯಾರ ಮನೆಯ ಸೊಸೆ ತವರಿಗೆ ಹೋಗಲು ಕಾಯುತ್ತಾಳೆ, ಯಾರ ಎಮ್ಮೆ ಗಬ್ಬ ಆಗಿದೆ, ಯಾರ ಮಗುವಿಗೆ ಮಂಗನ ಬಾವು, ಎಲ್ಲ ಅವನಿಗೆ ಗೊತ್ತು. ಔಷಧಿ, ಬೀಜದ ಭತ್ತ, ಮದುವೆ ಕಾಗದ, ಹೆಣ್ಣು ನೋಡಲು ಬರುವ ದಿನ, ಎಲ್ಲವನ್ನೂ ಜನ ಅವನ ಕೈಯಲ್ಲೇ ಕಳಿಸುತ್ತಿದ್ದರು. ಇದರಿಂದ ನನ್ನ ಅಂಚೆ ಇಲಾಖೆಗೆ ಎಷ್ಟು ಸ್ಟಾಂಪು ನಷ್ಟವಾಯಿತೆಂದು ನಾನು ಇಲ್ಲಿ ಹೇಳುವುದಿಲ್ಲ. ಅಂಥವನನ್ನು ತಂತಿ ಜಾಲರಿಯ ಹಿಂದೆ ಕೂರಿಸಿದರೆ ಅವನು ಬದುಕಿದ್ದೂ ಪ್ರಯೋಜನವಿಲ್ಲ. ಆ ಸಂಜೆ ಶೆಡ್ಡಿನ ಹಿಂದೆ ನಿಂತು ಅತ್ತೆನೆಂದು ಅವನೇ ಆಮೇಲೆ ಹೇಳಿದ.

ಮರುದಿನ ತೀರ್ಥಹಳ್ಳಿಯ ಡಾಕ್ಟರೊಬ್ಬರ ಹತ್ತಿರ ಹೋದ. ಅವರ ತೂಕದ ಯಂತ್ರದ ಮುಳ್ಳು ಕೊನೆಗೆ ಹೋಗಿ ಅಲ್ಲೇ ನಿಂತದ್ದರಿಂದ ಡಾಕ್ಟರು ಅವನನ್ನು ಎದುರಿನ ಅಡಿಕೆ ಮಂಡಿಗೆ ಕಳಿಸಿದರು. ಮಂಡಿಯ ತೂಕದವನು ಮೂಟೆ ಇಳಿಸಿ ಬೆಳ್ಳಪ್ಪನನ್ನು ಏರಿಸಿಕೊಂಡು, "ಯಾವ ಮಾಲು ಬರ್ಕಳ್ಲಿ? ರಾಶಿಯೋ, ಬೆಟ್ಟೆಯೋ?" ಎಂದು ಕೇಳಿದ. ನೂರ ನಾಲ್ಕು ಕಿಲೋ ಬಂತು. ಮಾಲು ಇನ್ನೂ ಹಸಿ ಇದೆ, ಒಣಗಿಸಿದರೆ ಇಳಿಯುತ್ತದೆ ಎಂದು ಅಲ್ಲಿದ್ದವರು ಸಮಾಧಾನ ಹೇಳಿದರು.

"ಅಕ್ಕಿ ಬಿಡು" ಎಂದರು ಡಾಕ್ಟರು.

"ಅನ್ನ ಬಿಡ್ತೀನಿ ಡಾಕ್ಟ್ರೇ. ರೊಟ್ಟಿ ತಿನ್ನಬಹುದಲ್ದಾ?"

"ಯಾವ ರೊಟ್ಟಿ?"

"ಅಕ್ಕಿ ರೊಟ್ಟಿ."

"ಅದೂ ಅಕ್ಕಿನೇ ಅಲ್ವೇನಯ್ಯ?"

"ಕಡುಬು?"

"ಅಕ್ಕಿ."

"ನೀರು ದೋಸೆ? ಅದ್ರಾಗೆ ನೀರೇ ಜಾಸ್ತಿ ಡಾಕ್ಟ್ರೇ, ಅಕ್ಕಿ ಬರೇ ನೆಪಕ್ಕೆ."

ಡಾಕ್ಟರು ಪೆನ್ನು ಕೆಳಗಿಟ್ಟು ಒಂದು ನಿಮಿಷ ಕಣ್ಣು ಮುಚ್ಚಿದರು. ಮೀನು ತಿನ್ನು, ಮೊಟ್ಟೆ ತಿನ್ನು, ಬೇಯಿಸಿದ ತರಕಾರಿ ತಿನ್ನು, ಮಜ್ಜಿಗೆ ಕುಡಿ, ಮಧ್ಯಾಹ್ನಕ್ಕೆ ರೇಶನ್ ಗೋಧಿಯ ಒಂದು ಚಪಾತಿ ಎಂದು ಚೀಟಿ ಬರೆದರು. ಗಂಜಿಯ ವಿಷಯ ಕೇಳಬೇಕೆಂದು ಬಾಯಿ ತೆರೆದವನನ್ನು ಕಾಂಪೌಂಡರ್ ಹೊರಗೆ ಕರೆದುಕೊಂಡು ಹೋದ.

ಇದನ್ನೆಲ್ಲ ಬೆಳ್ಳಪ್ಪ ಮನೆಗೆ ಬಂದು ಹೆಂಡತಿಗೆ ಹೇಳಿಬಿಟ್ಟಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಅವನು ಹೇಳಲಿಲ್ಲ. ಒಂದು, ಅಕ್ಕಿಗೆ ಅಷ್ಟು ಅಡಚಣೆಯಿದ್ದ ಕಾಲದಲ್ಲಿ ಮೈ ಹೆಚ್ಚಾಗಿದೆ, ಇಳಿಸಬೇಕು ಎಂದರೆ ಊರು ನಗುತ್ತದೆ. ಎರಡು, ಹೆಂಡತಿ ಮಾಸ್ತಮ್ಮನ ಕೈ ಅಡಿಗೆ ಎಂದರೆ ಸುತ್ತ ಹತ್ತು ಹಳ್ಳಿಯಲ್ಲಿ ಹೆಸರು. ನಿನ್ನ ಅಡಿಗೆ ಉಂಡು ನನ್ನ ನೌಕರಿ ಹೋಗುವಂತಾಯಿತು ಎಂದು ಅವಳಿಗೆ ಯಾವ ಬಾಯಲ್ಲಿ ಹೇಳುವುದು? ಹಾಗಾಗಿ ಅವಳು ಅನ್ನದ ತಪ್ಪಲೆ ತಂದಾಗ ಎಲೆಯ ಮೇಲೆ ಕೈ ಅಡ್ಡ ಹಿಡಿದ.

"ಅನ್ನ ಬ್ಯಾಡ."

"ಎಂತಕ್ಕೆ? ಹುಷಾರಿಲ್ವಾ?"

ಬೆಳ್ಳಪ್ಪ ಮಾಡಿನ ಜಂತಿಯನ್ನು ನೋಡುತ್ತ, "ಕಾರಣ ಇದೆ. ಕೇಳ್ಬೇಡ" ಎಂದ. ಹಾಗೆ ಹೇಳುವಾಗ ತನಗೇ ತನ್ನ ಮೇಲೆ ಗೌರವ ಬಂತಂತೆ.

ಮೂರು ವಾರ ಅವನು ನಿಜಕ್ಕೂ ಅಕ್ಕಿಯ ಒಂದು ಕಾಳು ಮುಟ್ಟಲಿಲ್ಲ. ಮೀನು ಸಾರನ್ನು ಅನ್ನವಿಲ್ಲದೆ ಉಣ್ಣುವುದು ಮದುಮಗನಿಲ್ಲದ ದಿಬ್ಬಣದ ಹಾಗೆ ಎಂದು ಡ್ರೈವರ ಹತ್ತಿರ ಒಮ್ಮೆ ಹೇಳಿಕೊಂಡನಂತೆ. ರೇಶನ್ ಗೋಧಿಯ ಚಪಾತಿ ಮಾಸ್ತಮ್ಮನ ಕೈಗೂ ಬಗ್ಗಲಿಲ್ಲ. ಅವನ ಮುಂಚಿನ ಆರ್ಭಟ ಎಲ್ಲಿ ಹೋಯಿತೋ, ಊರಿನ ಹೆಸರು ಕೂಗುವಾಗ ದನಿ ಬಾವಿಯೊಳಗಿಂದ ಬರುತ್ತಿತ್ತು. ಒಂದು ದಿನ ಯಾರೋ ಸಾಗರದ ನೆಂಟರ ಮನೆಗೆ ಬುಟ್ಟಿ ತುಂಬ ಬಿಸಿ ಕಡುಬು ತೆಗೆದುಕೊಂಡು ಹೋಗುತ್ತಿದ್ದರು. ಕೋಡೂರು ಬಂದಾಗ ನಮ್ಮ ಕಂಡಕ್ಟರು ಬಾಗಿಲಲ್ಲಿ ನಿಂತು, "ಕಡುಬು! ಯಾರ್ರೀ ಕಡುಬು ಇಳಿಯೋರು?" ಎಂದು ಕೂಗಿದ. ಬುಟ್ಟಿಯ ಹೆಂಗಸು ಅದನ್ನು ಮಡಿಲಿಗೆ ಎಳೆದುಕೊಂಡು ಸಾಗರದವರೆಗೂ ಬಿಡಲಿಲ್ಲ.

ಹೀಗಿರುವಾಗ ಭೂತಪ್ಪನ ಕಟ್ಟೆಯ ಹತ್ತಿರ ನಡೆದದ್ದು ಎಲ್ಲವನ್ನೂ ಕೆಡಿಸಿತು. ಹೆಬ್ಬೈಲು ದಾಟಿದ ಮೇಲೆ ರಸ್ತೆ ಪಕ್ಕದ ಮರದ ಬುಡದಲ್ಲಿ ಭೂತಪ್ಪನ ಕಲ್ಲು ಇದೆ. ಬಸ್ಸು ನಿಲ್ಲಿಸಿ ಡ್ರೈವರು ಕಾಣಿಕೆ ಹಾಕಿ ಕೈಮುಗಿಯುವುದು ದಿನದ ಪದ್ಧತಿ. ಒಂದು ಸೋಮವಾರ ಬೆಳ್ಳಪ್ಪನೂ ಇಳಿದ. ಇಳಿದು ಕಲ್ಲಿನ ಮುಂದೆ ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸುತ್ತ ಬಹಳ ಹೊತ್ತು ನಿಂತ. ಕಣ್ಣಲ್ಲಿ ನೀರೂ ಬಂತು. ಕಡುಬಿನ ನೆನಪು ತೆಗೆದುಬಿಡು ಸ್ವಾಮಿ ಎಂದು ಅವನು ಬೇಡಿಕೊಳ್ಳುತ್ತಿದ್ದ. ಬಸ್ಸಿನಲ್ಲಿದ್ದ ನಲವತ್ತು ಜನಕ್ಕೆ ಇದು ಹೇಗೆ ಗೊತ್ತಾಗಬೇಕು?

ನಮ್ಮ ಕಡೆ ಒಂದು ನಡೆವಳಿ ಇದೆ. ಅನ್ಯಾಯ ಆದವನು, ಬಾಯಿಬಿಟ್ಟು ಕೇಳಲಾರದವನು, ಭೂತಪ್ಪನ ಮುಂದೆ ನಿಂತು ಹುಯಿಲು ಇಡುತ್ತಾನೆ. ಹುಯಿಲು ಎಂದರೆ ದೂರು. ಯಾರ ಮೇಲೆ ಎಂದು ಹೊರಗೆ ಹೇಳುವಂತಿಲ್ಲ. ಹುಯಿಲು ತೀರುವ ತನಕ ಅನ್ನ ಮುಟ್ಟುವಂತಿಲ್ಲ. ತಪ್ಪು ಮಾಡಿದವನು ತಾನಾಗಿಯೇ ಬಂದು, ಒಪ್ಪಿಕೊಂಡು, ತನ್ನ ಮನೆಯ ಅಕ್ಕಿಯದನ್ನು ತನ್ನ ಕೈಯಾರೆ ಬಡಿಸಬೇಕು. ದೂರು ಕೊಟ್ಟವನು ಒಂದು ತುತ್ತು ಉಂಡರೆ ಅಲ್ಲಿಗೆ ಹುಯಿಲು ಇಳಿಯಿತು. ಬಾರದೆ ಹೋದರೆ ಮುಂದಿನದು ಭೂತಪ್ಪನಿಗೆ ಬಿಟ್ಟದ್ದು. ಅನ್ನ ಬಿಟ್ಟಿದ್ದಾನೆ, ಕಾರಣ ಕೇಳಿದರೆ ಹೇಳುವುದಿಲ್ಲ, ಕಟ್ಟೆಯ ಮುಂದೆ ನಿಂತು ಅತ್ತ. ಇನ್ನೇನು ಸಾಕ್ಷಿ ಬೇಕು? ಬಸ್ಸು ಹೊಸನಗರ ಮುಟ್ಟುವುದರೊಳಗೆ ಬೆಳ್ಳಪ್ಪ ಹುಯಿಲು ಇಟ್ಟ ಸುದ್ದಿ ನಿಶ್ಚಯವಾಗಿತ್ತು. ಯಾರ ಮೇಲೆ ಎನ್ನುವುದೊಂದೇ ಉಳಿದದ್ದು.

ಮೊದಲು ಬಂದವನು ಫಾರೆಸ್ಟ್ ಗಾರ್ಡ್ ನಿಂಗಪ್ಪ. ನಾಲ್ಕು ವರ್ಷದ ಹಿಂದೆ ಸೌದೆ ಕಡಿಯುತ್ತಿದ್ದ ಬೆಳ್ಳಪ್ಪನ ಕತ್ತಿಯನ್ನು ಸರ್ಕಾರದ ಹೆಸರಿನಲ್ಲಿ ಕಿತ್ತುಕೊಂಡಿದ್ದ. ಸರ್ಕಾರಕ್ಕೆ ಅದು ಹೋಗಿ ಮುಟ್ಟಿರಲಿಲ್ಲ. ಅದರಲ್ಲಿ ಅವನ ಹೆಂಡತಿ ಹಲಸಿನಹಣ್ಣು ಬಿಡಿಸುತ್ತಿದ್ದಳು. ಮಧ್ಯಾಹ್ನ ಬೆಳ್ಳಪ್ಪ ಕೊಟ್ಟಿಗೆಯ ಹಿಂದೆ ಒಬ್ಬನೇ ಇದ್ದಾಗ ನಿಂಗಪ್ಪ ಖಾಕಿ ಟೊಪ್ಪಿ ಕಂಕುಳಲ್ಲಿಟ್ಟುಕೊಂಡು ಬಂದ. ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಬಾಳೆಲೆಯ ಪೊಟ್ಟಣ.

"ತಗಾ ನಿನ್ನ ಕತ್ತಿ. ಹಿಡಿ ಹೊಸಾದು ಹಾಕ್ಸಿದೀನಿ. ಇಳಿಸ್ಬಿಡು ಮಾರಾಯ."

"ಎಂತದನ್ನ ಇಳಿಸೋದು?"

"ಹುಯಿಲು."

"ನಾನು ಯಾವ ಹುಯಿಲೂ ಇಟ್ಟಿಲ್ಲ ನಿಂಗಪ್ಪಣ್ಣ."

"ಯಾರ ಮೇಲೆ ಅಂತ ಬಾಯಿ ಬಿಡಲ್ಲ. ಅದು ನಿನ್ನ ದೊಡ್ಡತನ. ಒಂದೇ ಒಂದು ತುತ್ತು ತಿನ್ನು, ನಮ್ಮನೆಯವಳು ಈಗ ಸುಟ್ಟಿದ್ದು."

ಪೊಟ್ಟಣ ಬಿಚ್ಚಿದ. ಅಕ್ಕಿ ರೊಟ್ಟಿ, ಮೇಲೆ ಬೆಣ್ಣೆ ಕರಗುತ್ತಿದೆ. ಬೆಳ್ಳಪ್ಪ ಅಪ್ರಾಮಾಣಿಕನಲ್ಲ, ಇಪ್ಪತ್ತೆರಡು ದಿನ ಹಸಿದವನು. ಒಂದು ತುತ್ತು ತಿಂದ. ಬಾಯಿಗೆ ರುಚಿ ಹತ್ತಿದ ಮೇಲೆ ಮೊದಲ ತುತ್ತು ನೆಪಕ್ಕಾಯಿತು, ಇದು ಭೂತಪ್ಪನಿಗೆ ಎಂದು ಎರಡನೆಯದು ತಿಂದ. ನಾಲ್ಕು ರೊಟ್ಟಿ ಮುಗಿದ ಮೇಲೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ಒಟ್ಟಿಗೇ, "ಯಾರಿಗೂ ಹೇಳ್ಬೇಡ" ಎಂದರು.

ಎರಡು ದಿನ ಕಳೆದು ಪಕ್ಕದ ಗದ್ದೆಯ ದುಗ್ಗಪ್ಪ ಬಂದ. ಹತ್ತು ವರ್ಷದಿಂದ ಪ್ರತಿ ಉಳುಮೆಯಲ್ಲೂ ನಡುವಿನ ಅಂಚನ್ನು, ಅಂದರೆ ಬದುವನ್ನು, ಗುದ್ದಲಿಯಿಂದ ನಾಲ್ಕು ಬೆರಳು ಕೆತ್ತಿ ಕೆತ್ತಿ ತನ್ನ ಗದ್ದೆ ಬೆಳೆಸಿದವನು. ಆ ಬೆಳಿಗ್ಗೆ ಬೆಳ್ಳಪ್ಪ ಎದ್ದು ನೋಡಿದರೆ ಅಂಚು ಮೊದಲಿದ್ದ ಜಾಗಕ್ಕೆ ಹೋಗಿತ್ತು, ಮೇಲೆ ಒಂದು ಗೇಣು ಧರ್ಮಕ್ಕೆ ಬಿಟ್ಟಿತ್ತು. ದುಗ್ಗಪ್ಪ ಬಚ್ಚಲು ಮನೆಯ ಹಿಂದೆ ನೀರು ದೋಸೆ ಹಿಡಿದು ನಿಂತಿದ್ದ. ಬೆಳ್ಳಪ್ಪ ಬೇಡವೆಂದ. ದುಗ್ಗಪ್ಪ ಅತ್ತ. ದೊಡ್ಡ ಗಂಡಸು ಅಳುವುದನ್ನು ನೋಡಲಾರದೆ ಬೆಳ್ಳಪ್ಪ ಒಂಬತ್ತು ದೋಸೆ ತಿಂದ.

ಆಮೇಲೆ ವರದಮೂಲದ ಕಡೆ ಕೊಟ್ಟಿದ್ದ ಅಕ್ಕ ಕೆರಿಯಮ್ಮ ಬಸ್ಸು ಹತ್ತಿ ಬಂದಳು. ತಾಯಿ ತೀರಿಕೊಂಡಾಗ ಕಡುಬು ಬೇಯಿಸುವ ತಾಮ್ರದ ಹಂಡೆಯನ್ನು ಯಾರಿಗೂ ಹೇಳದೆ ಸೀರೆಯಲ್ಲಿ ಸುತ್ತಿಕೊಂಡು ಹೋಗಿದ್ದವಳು ಈಗ ಅದನ್ನೇ ತಲೆಯ ಮೇಲೆ ಹೊತ್ತು ತಂದಿದ್ದಳು. ಖಾಲಿ ಹಂಡೆ ತರುವುದು ಶುಭವಲ್ಲವೆಂದು ತುಂಬ ಕಡುಬು ಬೇರೆ. "ತಮ್ಮಾ, ಅಕ್ಕನ ಮೇಲೆ ಹುಯಿಲು ಇಡ್ತಾರೇನೋ?" ಎಂದು ಬಸ್ಸಿನ ಹಿಂದೆ ನಿಂತು ಮೂಗು ಒರೆಸಿಕೊಂಡಳು. ಬೆಳ್ಳಪ್ಪ ತಿಂದ.

ಇದರಲ್ಲಿ ಒಂದು ಸೂಕ್ಷ್ಮ ಇತ್ತು. ಬೆಳ್ಳಪ್ಪ ಯಾರ ಮನೆಯ ಅಕ್ಕಿ ತಿಂದದ್ದು ಕಂಡರೂ ಆ ಮನೆಯವರೇ ಕಳ್ಳರು ಎಂದು ಊರಿಗೆ ಗೊತ್ತಾಗುತ್ತದೆ. ಆದ್ದರಿಂದ ರಾಜಿಗಳೆಲ್ಲ ಕೊಟ್ಟಿಗೆಯ ಹಿಂದೆ, ಬಚ್ಚಲ ಹಿಂದೆ, ಬಸ್ಸಿನ ಹಿಂದೆ ನಡೆದವು. ಎದುರಿಗೆ ಮಾತ್ರ ಬೆಳ್ಳಪ್ಪ ಎಂದಿನಂತೆ ಅನ್ನದ ಮೇಲೆ ಕೈ ಅಡ್ಡ ಹಿಡಿಯುತ್ತಿದ್ದ. ಹಾಗಾಗಿ ಹುಯಿಲು ಇನ್ನೂ ಇಳಿದಿಲ್ಲವೆಂದು ಮತ್ತೊಬ್ಬರು ಹೆದರಿ ಪೊಟ್ಟಣ ಕಟ್ಟುತ್ತಿದ್ದರು. ನಮ್ಮೂರಿನಲ್ಲಿ ಇಷ್ಟೊಂದು ಜನ ಬೆಳ್ಳಪ್ಪನಿಗೆ ಅನ್ಯಾಯ ಮಾಡಿದ್ದರೆಂದು ಬೆಳ್ಳಪ್ಪನಿಗೇ ಗೊತ್ತಿರಲಿಲ್ಲ. ನವರಾತ್ರಿಯಲ್ಲಿ ಅವನು ಮತ್ತೆ ಮಂಡಿಯ ತಕ್ಕಡಿ ಹತ್ತಿದ. ನೂರ ಒಂದಕ್ಕೆ ಇಳಿದಿದ್ದವನು ನೂರ ಏಳು ತೂಗಿದ.

ಅನ್ನ ಬಿಟ್ಟವನು ದಿನದಿನಕ್ಕೆ ಊದುತ್ತಿರುವುದನ್ನು ಕಂಡು ಊರು ತಣ್ಣಗಾಯಿತು. "ಅವನು ಉಣ್ಣಲ್ಲ, ಒಳಗೆ ಕೂತು ಭೂತಪ್ಪ ಉಣ್ತಾ ಇದಾನೆ" ಎಂದರು ಹಿರಿಯರು. ಬಸ್ಸಿನಲ್ಲಿ ಅವನು ಬಂದರೆ ಜನ ಎದ್ದು ಸೀಟಿನ ಮೇಲೆ ಕಾಲು ಮಡಚಿ ದಾರಿ ಬಿಡುತ್ತಿದ್ದರು. ಆ ವಾರದಲ್ಲೇ ಬಸ್ಸು ಎರಡು ಸಲ ಪಂಕ್ಚರ್ ಆಯಿತು. ಎರಡನೆಯ ಪಂಕ್ಚರ್ ಆದ ದಿನ ಸಾಹುಕಾರ ಮಂಜುನಾಥಪ್ಪನವರು ನನ್ನ ಅಂಚೆ ಕಚೇರಿಯ ಬೆಂಚಿನ ಮೇಲೆ ಬಂದು ಕೂತರು.

"ಮಾಸ್ಟ್ರೇ, ನಾನು ಅವನಿಗೆ ಸಪೂರ ಆಗು ಅಂತ ಹೇಳಿದ್ದೆ. ಅದಕ್ಕೇ ಅನ್ನ ಬಿಟ್ಟಿದಾನೆ ಅಂತ ಮೊದ್ಲು ತಿಳ್ಕಂಡಿದ್ದೆ. ಆದ್ರೆ ಆಸಾಮಿ ದಪ್ಪ ಆಗ್ತಾ ಇದಾನಲ್ರೀ! ಅಂದ್ಮೇಲೆ ಇದು ಹುಯಿಲೇ. ನನ್ನ ಮೇಲೇ. ಬ್ಯಾಗು ಕಿತ್ಕೋತೀನಿ ಅಂದೆ ನೋಡಿ."

ಭೂಮಿ ಹುಣ್ಣಿಮೆಯ ದಿನ ತಾಯಿಯನ್ನು ಕರೆದುಕೊಂಡು ಬೆಳ್ಳಪ್ಪನ ಗದ್ದೆಗೇ ಬರುತ್ತೇನೆ, ಎಲ್ಲರ ಎದುರಿಗೆ ಬಡಿಸಿ ಮಾತು ವಾಪಸು ತೆಗೆದುಕೊಳ್ಳುತ್ತೇನೆ ಎಂದು ಹೇಳಿ ಹೋದರು. ಇದನ್ನು ಕೇಳಿ, ಬ್ಯಾಗು ಉಳಿಯಿತೆಂದು ಬೆಳ್ಳಪ್ಪ ಹಾರಿ ಕುಣಿದ. ಹಾರಿ ಕುಣಿದ ಎಂದರೆ ಮಾತಿಗೆ ಹೇಳಿದ್ದು.

ಹುಣ್ಣಿಮೆಗೆ ಎರಡು ದಿನ ಇರುವಾಗ ಮಾಸ್ತಮ್ಮ ಅಂಚೆ ಕಚೇರಿಗೆ ಬಂದಳು. ಕಾರ್ಡು ಕೊಳ್ಳಲಿಲ್ಲ. ಕಂಬ ಹಿಡಿದು ನಿಂತಳು.

"ಮಾಸ್ಟ್ರೇ, ಹುಯಿಲು ನನ್ನ ಮೇಲೇ."

"ಯಾರು ಹೇಳಿದ್ದು?"

"ಯಾರು ಹೇಳ್ಬೇಕು? ನಮ್ಮನೇರು ಊರವ್ರ ಮನೆದೆಲ್ಲ ಕದ್ದು ತಿಂತಾರೆ. ನಂಗೆ ಗೊತ್ತಾಗಲ್ವಾ? ಮೀಸೆ ಮೇಲೆ ಬೆಣ್ಣೆ ಇರ್ತದೆ. ನನ್ನ ಕೈ ಅನ್ನ ಮಾತ್ರ ಒಂದು ತುತ್ತು ಮುಟ್ಟಲ್ಲ. ಅವ್ರಿಗೆ ಆ ಕಾರ್ಡಿನ ವಿಷ್ಯ ಗೊತ್ತಾಗಿದೆ."

ನನ್ನ ಕೈಯಲ್ಲಿದ್ದ ಮೊಹರು ಮೇಜಿನ ಮೇಲೆ ಬಿತ್ತು. ಇಷ್ಟು ಹೊತ್ತು ಊರವರ ಕಳ್ಳತನ ಎಣಿಸಿ ನಗುತ್ತಿದ್ದ ನಾನು ನನ್ನದನ್ನೂ ಹೇಳಲೇಬೇಕು. ಹನ್ನೊಂದು ವರ್ಷದ ಹಿಂದೆ ಬೆಳ್ಳಪ್ಪ ಸರ್ಕಾರಿ ಬಸ್ಸಿನ ಕೆಲಸಕ್ಕೆ ಅರ್ಜಿ ಹಾಕಿದ್ದ. ಬೆಂಗಳೂರಿಗೆ ಬರಲು ಹೇಳಿ ಕಾರ್ಡು ಬಂತು. ಮಾಸ್ತಮ್ಮ ಆಗ ತುಂಬಿದ ಬಸುರಿ, ಚೊಚ್ಚಲು. ಕಾರ್ಡು ಓದಿಸಿಕೊಂಡಳು; ನನ್ನ ಕೈಗೆ ಕೊಡಿ ಎಂದಳು. ಮನೆಯವರ ಕೈಗೆ ಕೊಟ್ಟರೆ ಬಟವಾಡೆಯಾದಂತೆಯೇ ಎಂದು ನನಗೆ ನಾನೇ ಕಾನೂನು ಹೇಳಿಕೊಂಡು ಕೊಟ್ಟೆ. ಅವಳು ಅದನ್ನು ಒಲೆಗೆ ಹಾಕಿದಳು. ಅಲ್ಲಿಗೆ ನಿಂತಿದ್ದರೆ ತಪ್ಪು ಅರ್ಧವಾಗಿರುತ್ತಿತ್ತು. ಆಮೇಲೆ ಒಂದು ತಿಂಗಳು ಬೆಳ್ಳಪ್ಪ ದಿನಾ ಬಸ್ಸಿನಿಂದ ತಲೆ ಹೊರಗೆ ಹಾಕಿ, "ಮಾಸ್ಟ್ರೇ, ನಂಗೆ ಏನಾದ್ರೂ ಬಂತಾ?" ಎಂದು ಕೇಳುತ್ತಿದ್ದ. ನಾನು ದಿನಾ ಇಲ್ಲ ಎನ್ನುತ್ತಿದ್ದೆ.

"ಹುಣ್ಣಿಮೆ ದಿನ ಒಪ್ಕಂಡು ಬಡಿಸ್ಬಿಡ್ತೀನಿ. ನಿಮ್ಮ ಹೆಸ್ರು ಹೇಳಲ್ಲ" ಎಂದಳು ಮಾಸ್ತಮ್ಮ. ನಾನು ಬೇಡ ಎನ್ನಲೂ ಇಲ್ಲ, ನಾನೂ ಒಪ್ಪಿಕೊಳ್ಳುತ್ತೇನೆ ಎನ್ನಲೂ ಇಲ್ಲ. ಮೊಹರು ಎತ್ತಿಕೊಂಡು ಒಂದು ಖಾಲಿ ಕಾಗದಕ್ಕೆ ಹೊಡೆದೆ.

ಭೂಮಿ ಹುಣ್ಣಿಮೆಯ ದಿನ ಹೊಡೆ ತುಂಬಿ ತೆನೆ ಬಿಡಲಿರುವ ಗದ್ದೆಗೆ ಬಸುರಿಯ ಬಯಕೆ ತೀರಿಸಿದಂತೆ ಬಗೆಬಗೆಯ ಅಡಿಗೆ ಬಡಿಸುತ್ತಾರೆ. ಮಾಸ್ತಮ್ಮ ಚಿತ್ತಾರದ ಬುಟ್ಟಿಯಲ್ಲಿ ಎಲ್ಲ ಹೊತ್ತು ತಂದಿದ್ದಳು. ಪೂಜೆಯಾಗಿ, ಗದ್ದೆಗೆ ಎಡೆ ಬೀರಿ, ಎಲ್ಲರೂ ಅಂಚಿನ ಮೇಲೆ ಸಾಲಾಗಿ ಕೂತೆವು. ದುಗ್ಗಪ್ಪ, ನಿಂಗಪ್ಪ, ಕೆರಿಯಮ್ಮ ಬೇರೆಬೇರೆ ದಿಕ್ಕು ನೋಡುತ್ತಿದ್ದರು. ಸಾಹುಕಾರರು ತಮ್ಮ ಮನೆಯಿಂದ ತಂದ ಕಡುಬೊಂದನ್ನು ಕೈಯಲ್ಲಿ ಹಿಡಿದು ಬೆಳ್ಳಪ್ಪನ ಎಲೆಯ ಮುಂದೆ ಬಂದು ನಿಂತರು. ಅಷ್ಟರಲ್ಲಿ ಮಾಸ್ತಮ್ಮ ಮನೆಯ ಕಡುಬು ಹಿಡಿದು ಮುಂದೆ ಬಂದಳು.

"ತಡಿ ತಡಿ, ನಿಂದು ಈಗ ಬ್ಯಾಡ" ಎಂದ ಬೆಳ್ಳಪ್ಪ, ಸಾಹುಕಾರರ ಕಡೆ ನೋಡುತ್ತ.

ಮಾಸ್ತಮ್ಮ ಅಲ್ಲೇ ಕೆಸರಿನಲ್ಲಿ ಕೂತುಬಿಟ್ಟಳು.

"ಸಾಹುಕಾರ್ರದು ಆಗ್ತದೆ, ನಂದು ಬ್ಯಾಡ. ಹಂಗಾದ್ರೆ ಹೇಳ್ತೀನಿ, ಎಲ್ಲಾರೂ ಕೇಳಿ. ಹುಯಿಲು ನನ್ನ ಮೇಲೆ. ಹನ್ನೊಂದು ವರ್ಷದ ಹಿಂದೆ ಬೆಂಗ್ಳೂರಿನ ಕಾರ್ಡು ಬಂದಿತ್ತು. ನಾನೇ ಒಲೆಗೆ ಹಾಕ್ದೆ. ಮಗ ಹೊಟ್ಟೆಯಾಗಿದ್ದ, ಹೆದರಿಕೆ ಆಯ್ತು. ನೀವು ಅಷ್ಟು ದೂರ ಹೋದ್ರೆ ನಾನು ಯಾರಿಗೆ ಬೇಯಿಸ್ಲಿ?"

ಬೆಳ್ಳಪ್ಪನ ಮುಖ ಬಿಳಿಚಿತು. ಸಾಹುಕಾರರ ಕೈ ಎಲೆಯ ಮೇಲೆ ಗಾಳಿಯಲ್ಲಿತ್ತು. ಅವನು ಸುಮ್ಮನೆ ಎಲೆ ಒಡ್ಡಿದ್ದರೆ ಬ್ಯಾಗು ಉಳಿಯುತ್ತಿತ್ತು. ಗಂಡ ತನ್ನ ಮೇಲೆ ಭೂತಪ್ಪನಿಗೆ ದೂರು ಕೊಟ್ಟಿದ್ದ ಎನ್ನುವ ಹೆದರಿಕೆಯಲ್ಲಿ ಅವಳು ಮುಂದೆ ಬಾಳಬೇಕಾಗುತ್ತಿತ್ತು, ಅಷ್ಟೇ. ಬೆಳ್ಳಪ್ಪ ಎರಡೂ ಕೈ ನೆಲಕ್ಕೆ ಊರಿ, ಕಷ್ಟಪಟ್ಟು ಎದ್ದು ನಿಂತ.

"ಯಾರ ಮೇಲೂ ಹುಯಿಲು ಇಲ್ಲ! ಭೂತಪ್ಪನಾಣೆ ಇಲ್ಲ! ನಾನು ಅನ್ನ ಬಿಟ್ಟಿದ್ದು ಸಪೂರ ಆಗಕ್ಕೆ!"

ದುಗ್ಗಪ್ಪ ಅವನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ, "ಯಾವಾಗಿಂದ?" ಎಂದು ಕೇಳಿದ.

ಬೆಳ್ಳಪ್ಪ ಶೆಡ್ಡಿನ ಹಿಂದಿನ ಮಾತು, ಡಾಕ್ಟರು, ಮಂಡಿ, ಕಡುಬಿನ ನೆನಪು, ಎಲ್ಲ ಹೇಳಿದ. ಹೇಳುತ್ತ ಹೇಳುತ್ತ ಅವನ ಕಿವಿ ಕೆಂಪಾಯಿತು. ಮುಗಿಸುವಷ್ಟರಲ್ಲಿ ದುಗ್ಗಪ್ಪ ಎದ್ದು ನಿಂತಿದ್ದ.

"ಹಂಗಾದ್ರೆ ನನ್ನ ಅಂಚು?"

"ಯಾವ ಅಂಚು?" ಎಂದಳು ಕೆರಿಯಮ್ಮ.

"ನಿಂಗೆ ಎಂತಕ್ಕೆ? ನೀನು ತಂದ ಹಂಡೆ ಯಾರದ್ದು?"

"ಎಲ್ಲಾರೂ ಸುಮ್ನಿರಿ" ಎಂದ ನಿಂಗಪ್ಪ ಸರ್ಕಾರದ ದನಿಯಲ್ಲಿ. "ನಾನು ಕತ್ತಿ ಕೊಟ್ಟಾಗ ಏನಾದ್ರೂ ಗಲಾಟೆ ಮಾಡಿದ್ನಾ?" ಹೇಳಿ ಮುಗಿಸಿದ ಮೇಲೆ ಬಾಯಿ ಮುಚ್ಚಿಕೊಂಡ.

"ಅಂದ್ರೆ, ನನ್ನ ಬಸ್ಸು ಎರಡು ಸಲ ಪಂಕ್ಚರ್ ಆಗಿದ್ದು?" ಎಂದರು ಸಾಹುಕಾರರು.

"ಟೈರು ಸವೆದಿದೆ ಸಾಹುಕಾರ್ರೇ. ಆರು ತಿಂಗಳಿಂದ ಹೇಳ್ತಾ ಇದೀನಿ" ಎಂದ ಬೆಳ್ಳಪ್ಪ. ಆಮೇಲೆ ತಲೆ ತಗ್ಗಿಸಿ, "ದೀಪಾವಳಿಗೆ ಬ್ಯಾಗು ತಂದು ಕೊಡ್ತೀನಿ" ಎಂದ.

ಸಾಹುಕಾರರ ಕೈ ಹಿಂದಕ್ಕೆ ಸರಿಯತೊಡಗಿತು. ತುಂಗಮ್ಮ ಕೂತಲ್ಲಿಂದಲೇ ಗದರಿಸಿದರು.

"ಬಡಿಸಕ್ಕೆ ಎತ್ತಿದ ಕೈ ಹಿಂದಕ್ಕೆ ತಗಂಬಾರ್ದು ಕಣೋ, ಹಾಕು! ಅವನು ಬಸ್ಸಿನೊಳಗೆ ಓಡಾಡೋದು ಎಂತಕ್ಕೆ ಅಂತೀನಿ. ಬಾಗ್ಲಾಗೇ ನಿಂತು ಹತ್ತೋರಿಗೆ ಟಿಕೇಟು ಕೊಡ್ಲಿ. ಹದಿನೆಂಟು ವರ್ಷಕ್ಕೆ ಇಷ್ಟು ಬುದ್ಧಿ ನಿಂಗೆ ಹೊಳೀಲಿಲ್ವಾ?"

ತೀರ್ಥಹಳ್ಳಿ ತಾಲ್ಲೂಕಿಗೇ ದೊಡ್ಡ ಸಾಹುಕಾರರಾದರೂ ತಾಯಿಗೆ ಮಗನೇ. ಕಡುಬು ಎಲೆಗೆ ಬಿತ್ತು. ಬೆಳ್ಳಪ್ಪ ಅದನ್ನು ಮುಟ್ಟದೆ ಹೆಂಡತಿಯ ಕಡೆ ತಿರುಗಿದ.

"ಕಾರ್ಡು ನಿನ್ನ ಕೈಗೆ ಹೆಂಗೆ ಬಂತು?"

"ಬಂತು" ಎಂದಳು ಮಾಸ್ತಮ್ಮ. ನನ್ನ ಕಡೆ ನೋಡಲಿಲ್ಲ.

"ನಂಗೆ ಸಿಕ್ಕಿದ್ರೆ ಹೋಗೇ ಹೋಗ್ತಿದ್ದೆ. ಹೋಟ್ಲು ಊಟ ಮಾಡ್ಕಂಡು ಕಡ್ಡಿ ಹಂಗೆ ಸಪೂರ ಇರ್ತಿದ್ದೆ" ಎಂದ ಬೆಳ್ಳಪ್ಪ. ಆಮೇಲೆ ಕೂತು ಅವಳ ಕಡೆಗೆ ಎಲೆ ಸರಿಸಿದ. "ಹಾಕೇ. ತಿಂಗಳ ಮೇಲಾಯ್ತು ನಿನ್ನ ಕೈ ಕಡುಬು ತಿಂದು."

ಮಾಸ್ತಮ್ಮ ಅತ್ತಳೋ ನಕ್ಕಳೋ, ಸೆರಗು ಅಡ್ಡ ಇದ್ದದ್ದರಿಂದ ಗೊತ್ತಾಗಲಿಲ್ಲ. ಬಡಿಸಿದಳು. ಬೆಳ್ಳಪ್ಪ ಒಂದರ ಹಿಂದೆ ಒಂದು ತಿಂದ. ಯಾರೂ ಬೇಡ ಎನ್ನಲಿಲ್ಲ. ಡಾಕ್ಟರ ಚೀಟಿಗೆ ಆ ಗದ್ದೆಯಲ್ಲಿ ಅವತ್ತು ರಜೆ.

ನನ್ನ ಬಾಯಲ್ಲಿದ್ದ ಕಡುಬು ಒಳಗೂ ಹೋಗದು, ಹೊರಗೂ ಬಾರದು. ಬೆಳ್ಳಪ್ಪ ನನ್ನನ್ನು ಏನೂ ಕೇಳಿರಲಿಲ್ಲ. ಇನ್ನು ಮುಂದೆ ಕೇಳುವವನೂ ಅಲ್ಲ. ಅಂಚೆ ಇಲಾಖೆಗೆ ತಿಳಿದರೆ ನನ್ನ ಮೊಹರೂ ಹೋಗುತ್ತದೆ, ಚೀಲವೂ ಹೋಗುತ್ತದೆ. ಸುಮ್ಮನೆ ಕೂತು ಉಂಡು ಎದ್ದು ಹೋಗಬಹುದಿತ್ತು. ಆದರೆ ಕಂಬ ಹಿಡಿದು ನಿಂತಿದ್ದ ಮಾಸ್ತಮ್ಮ ಕಣ್ಣ ಮುಂದೆ ಬಂದಳು. ನನಗೆ ನಾಚಿಕೆಯಾಯಿತು. ಎದ್ದೆ. ನಮ್ಮ ಮನೆಯವಳು ಕಟ್ಟಿಕೊಟ್ಟಿದ್ದ ಬುತ್ತಿಯಿಂದ ಒಂದು ಕಡುಬು ತೆಗೆದು, ಅಂಚಿನ ಮೇಲೆ ಎಲ್ಲರನ್ನೂ ದಾಟಿ ಹೋಗಿ, ಬೆಳ್ಳಪ್ಪನ ಎಲೆಗೆ ನನ್ನ ಕೈಯಾರೆ ಇಟ್ಟೆ.

ಬೆಳ್ಳಪ್ಪ ಕಡುಬನ್ನು ನೋಡಿದ. ನನ್ನನ್ನು ನೋಡಿದ. ಆಮೇಲೆ ಕಡುಬು ಎತ್ತಿಕೊಂಡು ಎರಡಾಗಿ ಮುರಿದು ಎಲೆಯ ಮೇಲಿಟ್ಟ.

"ತುಪ್ಪ ಹಾಕಿ ಮಾಸ್ಟ್ರೇ. ಹನ್ನೊಂದು ವರ್ಷದ್ದು, ಒಣಗಿದ್ದು ಹಂಗೇ ಇಳಿಯಲ್ಲ."